ಗೂಡಿನ ರೇಟು ಎಲ್ಲಿ ನಿರ್ಧಾರ ಆಗುತ್ತೆ? 2011ರ ಸುಂಕದ ಕಥೆ

ಬಜೆಟ್ ದಿನ ಟೀವಿ ಮುಂದೆ ಕೂತು ಸಾಲ ಮನ್ನಾ ಉಂಟಾ, ಗೊಬ್ಬರಕ್ಕೆ ಏನು ಕೊಟ್ರು ಅಂತ ನೋಡ್ತೀವಿ. ಹುಳ ಸಾಕೋ ನಾವು ಅದರ ಜೊತೆ ಇನ್ನೊಂದು ಸಾಲು ಹುಡುಕಬೇಕು: ಕಚ್ಚಾ ರೇಷ್ಮೆ ಮೇಲಿನ ಆಮದು ಸುಂಕ.

2011ರ ಫೆಬ್ರವರಿ 28ರಂದು ಹಣಕಾಸು ಮಂತ್ರಿ ಪ್ರಣಬ್ ಮುಖರ್ಜಿಯವರು ಆ ಸುಂಕವನ್ನ ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಭಾಷಣದಲ್ಲಿ ಒಂದೇ ಮಾತು. ಅದೇ ವರ್ಷ ರಾಮನಗರ ಮಾರ್ಕೆಟ್‌ನಲ್ಲಿ ಗೂಡಿನ ರೇಟು ಹೆಂಗೆ ಬಿತ್ತು ಅನ್ನೋದನ್ನ ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಲಾಟು ತಂದೋರಿಗೆ ನಾನು ಹೇಳಬೇಕಾಗಿಲ್ಲ.

ಶೇಕಡಾ ಲೆಕ್ಕ ನಮ್ಮ ಜೇಬಿಗೆ ಹೆಂಗೆ ತಾಗುತ್ತೆ ನೋಡಿ. ಹೊರಗಿನ ನೂಲು ಬಂದರಿಗೆ ಕೆ.ಜಿ.ಗೆ 2000 ರೂಪಾಯಿಗೆ ಬಂತು ಅಂತ ಇಟ್ಕೊಳ್ಳಿ (ಇದು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೆ). ಶೇ 30 ಸುಂಕ ಇದ್ರೆ 2600, ಶೇ 5 ಇದ್ರೆ 2100. ವ್ಯತ್ಯಾಸ 500. ನಮ್ಮ ಮಿಶ್ರತಳಿ ಗೂಡು ಏಳೆಂಟು ಕೆ.ಜಿ. ಬಿಚ್ಚಿದ್ರೆ ಒಂದು ಕೆ.ಜಿ. ನೂಲು. ರೀಲರ್‌ಗೆ ಸೌದೆ ಖರ್ಚು, ಕೂಲಿ ಖರ್ಚು ಕಮ್ಮಿ ಆಗಲ್ಲ. ನೂಲಲ್ಲಿ ಇಳಿದ 500ನ್ನ ಅವರು ಗೂಡಿನ ಮೇಲೇ ಹಾಕ್ತಾರೆ. ಕೆ.ಜಿ. ಗೂಡಿಗೆ ಅರವತ್ತು, ಎಪ್ಪತ್ತು ರೂಪಾಯಿ ಹೋಯ್ತು. ಸೊಪ್ಪು, ಆಳು, ಚಾಕಿ ಹುಳದ ದುಡ್ಡು ಮಾತ್ರ ನಮಗೆ ಇದ್ದಷ್ಟೇ.

ಹಾಗಾದ್ರೆ ದೆಹಲಿಯೋರಿಗೆ ನಮ್ಮ ಮೇಲೆ ಹಗೆಯಾ? ಹಾಗಲ್ಲ. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು 20 ಸಾವಿರ ಟನ್ ರೇಷ್ಮೆ ಆಗ್ತಿತ್ತು, ನೇಕಾರರಿಗೆ ಸಾಲದೆ ಐದಾರು ಸಾವಿರ ಟನ್ ಹೊರಗಿಂದ ಬರ್ತಿತ್ತು, ಹೆಚ್ಚಿನದು ಚೀನಾದ್ದು. ವಾರಾಣಸಿಯ ನೇಕಾರನಿಗೆ ಅಗ್ಗದ ನೂಲು ಬೇಕು. ಪವರ್‌ಲೂಮಿನ ಹಾಸಿಗೆ ದ್ವಿತಳಿ ನೂಲೇ ಚೆನ್ನ, ನಮ್ಮ ಮಿಶ್ರತಳಿ ಹೆಚ್ಚಾಗಿ ಹೊಕ್ಕಿಗೆ ಹೋಗುತ್ತೆ. ನೇಕಾರನೂ ನಮ್ಮಂಗೇ ಬಡವ. ಅವರ ಕೂಗು ಸುಳ್ಳಲ್ಲ.

ನನಗೆ ಕೊರೆಯೋದು, ಈ ತೀರ್ಮಾನ ಮಾಡೋರು ಯಾರು ಅನ್ನೋದು. ಗೂಡು ಮಾರುಕಟ್ಟೆ ನಡೆಸೋದು ರಾಜ್ಯದ ರೇಷ್ಮೆ ಇಲಾಖೆ, ಅದಕ್ಕೆ 1959ರ ಕಾಯ್ದೆ ಇದೆ. ಕೇಂದ್ರ ರೇಷ್ಮೆ ಮಂಡಳಿ ಇರೋದು ನಮ್ಮ ಬೆಂಗಳೂರಲ್ಲೇ, 1948ರ ಕಾಯ್ದೆಯಿಂದ ಹುಟ್ಟಿದ್ದು, ಈಗ ಜವಳಿ ಸಚಿವಾಲಯದ ಕೆಳಗಿದೆ. ಆದರೆ ಆಮದಿನ ವಿಷಯದಲ್ಲಿ ಮಂಡಳಿಗೆ ಆ ಕಾಯ್ದೆ ಕೊಟ್ಟ ಕೆಲಸ ಕೇಂದ್ರಕ್ಕೆ ಸಲಹೆ ಹೇಳೋದು. ಸುಂಕ ಹಾಕೋದು, ತೆಗೆಯೋದು ಹಣಕಾಸು ಸಚಿವಾಲಯ. ಇನ್ನು ಜವಳಿ ಸಚಿವಾಲಯದ ಮಡಿಲಲ್ಲಿ ನಾವೂ ಇದ್ದೀವಿ, ನೇಕಾರರೂ ಇದ್ದಾರೆ. ಎರಡು ಮಕ್ಕಳ ಜಗಳದಲ್ಲಿ ತಾಯಿ ಯಾರ ಕಡೆ ಮಾತಾಡ್ತಾಳೆ?

ಈ ಜಗಳ ಹೊಸದೂ ಅಲ್ಲ. 1930ರ ದಶಕದಲ್ಲಿ ಚೀನಾ, ಜಪಾನಿನ ಅಗ್ಗದ ರೇಷ್ಮೆ ನುಗ್ಗಿ ಮೈಸೂರು ಸೀಮೆ ಸಾಕಣೆದಾರರು ಸೋತು ಹೋದಾಗ, ಬ್ರಿಟಿಷ್ ಸರ್ಕಾರದ ಸುಂಕ ಮಂಡಳಿ ರೇಷ್ಮೆ ಬಗ್ಗೆ ವಿಚಾರಣೆ ನಡೆಸಿ, ಹೇಳಿಕೆ ತಗೊಂಡು, 1933ರಲ್ಲಿ ವರದಿ ಕೊಟ್ಟಿತು. 1934ರಲ್ಲಿ ರಕ್ಷಣೆಗೆ ಕಾಯ್ದೆ ಬಂತು. 2003ರಲ್ಲಿ ಚೀನಾ ರೇಷ್ಮೆ ಮೇಲೆ ಸುರಿವಿರೋಧಿ ಸುಂಕ ಹಾಕಿದಾಗಲೂ ಹಾಗೇ: ಮೊದಲು ವಾಣಿಜ್ಯ ಸಚಿವಾಲಯದ ವಿಚಾರಣೆ, ಎರಡೂ ಕಡೆಯವರ ಕಾಗದ ಪತ್ರ, ಶಿಫಾರಸು, ಆಮೇಲೆ ಹಣಕಾಸಿನ ಅಧಿಸೂಚನೆ. ಪರದೇಶಿ ಸರ್ಕಾರವೂ ಕೇಳಿ ಮಾಡಿತ್ತು ಅಂದ್ಮೇಲೆ ನಮ್ಮ ಸರ್ಕಾರ ಬಜೆಟ್‌ಗೆ ಬಂದ್ರೆ ಮಾತ್ರ ಗುಟ್ಟು ಮಾಡುತ್ತೆ. ಗುಟ್ಟಿಗೆ ಕಾರಣ ಇದೆ ಬಿಡಿ, ಮುಂಚೆ ಗೊತ್ತಾದ್ರೆ ವ್ಯಾಪಾರಿ ಮಾಲು ಕೂಡಿಡ್ತಾನೆ. ಆದರೆ ನಾಲ್ಕನೇ ಜ್ವರದಲ್ಲಿ ಹುಳ ಬಿಟ್ಕೊಂಡಿರೋ ರೈತ ಏನು ಮಾಡ್ಬೇಕು? ಹುಳಕ್ಕೆ ನಿಲ್ಲು ಅನ್ನಕ್ಕಾಗುತ್ತಾ?

ಒಂದು ಕೈ ಕಿತ್ಕೊಂಡಾಗ ಇನ್ನೊಂದು ಕೈ ಕೊಡೋದೂ ಇದೆ, ಅದನ್ನೂ ಹೇಳಬೇಕು. ಜಪಾನಿನ ನೆರವಲ್ಲಿ ಮೈಸೂರಿನ ಸಂಶೋಧನಾ ಕೇಂದ್ರ ದ್ವಿತಳಿ ಸಂಕರಗಳನ್ನ ತಂತು, ವಿ-1 ಹಿಪ್ಪುನೇರಳೆ ಕಡ್ಡಿ ಬಂತು. 2021-26ರ ಸಿಲ್ಕ್ ಸಮಗ್ರ-2ಕ್ಕೆ 4,679.85 ಕೋಟಿ ಇಟ್ಟರು. ಸಾಕಣೆ ಮನೆ, ಹನಿ ನೀರಾವರಿ ಎಲ್ಲ ಒಳ್ಳೇದೇ. ಆದರೆ ಇವೆಲ್ಲ ಫಲ ಕೊಡೋದಕ್ಕೆ ವರ್ಷಗಳು ಬೇಕು. ಅಧಿಸೂಚನೆ ಒಂದು ರಾತ್ರಿ ಸಾಕು.

2011ರ ಏಟಿನ ಮೇಲೆ ಕೂಗು ಎದ್ದಿತು. 2013ರ ಬಜೆಟ್‌ನಲ್ಲಿ ಚಿದಂಬರಂ ಅವರು ಸುಂಕವನ್ನ ಶೇ 5ರಿಂದ 15ಕ್ಕೆ ಏರಿಸಿದರು. ಎರಡು ವರ್ಷ! ಅಷ್ಟರಲ್ಲಿ ಎಷ್ಟೋ ಜನ ಹಿಪ್ಪುನೇರಳೆ ಕಿತ್ತಿದ್ದರು. ಮುಂದೆ ಮತ್ತೆ ಇಳಿದು, 2021ರಲ್ಲಿ ನಿರ್ಮಲಾ ಸೀತಾರಾಮನ್ ಅವರು ಶೇ 10ರಿಂದ 15ಕ್ಕೆ ತಂದರು.

ನಮ್ಮೋರ ಅರ್ಜಿ ಹೋಗೋದು ರೇಟು ಬಿದ್ದ ಮೇಲೆ, ಆಗಸ್ಟಲ್ಲೋ ಸೆಪ್ಟೆಂಬರಲ್ಲೋ. ಬಜೆಟ್ ಲೆಕ್ಕಾಚಾರ ಕೂಡೋದು ಚಳಿಗಾಲದಲ್ಲಿ. ನೇಕಾರರ ಸಂಘಗಳು, ರಫ್ತುದಾರರು ಆಗಲೇ ಹೋಗಿ ಕೂತಿರ್ತಾರೆ. ಈ ಸಲ ನವೆಂಬರ್ ಒಳಗೆ ನೂರು ಮೊಟ್ಟೆಗೆ ಆಗೋ ಖರ್ಚು, ಬಂದ ಗೂಡು, ಸಿಕ್ಕ ರೇಟು ಬರೆದಿಟ್ಟ ಚೀಟಿಗಳು ನಿಮ್ಮತ್ರ ಇದ್ರೆ ಕಳಿಸಿ. ಎರಡೇ ಪುಟದ ಕಾಗದ ಮಾಡಿ ಮಂಡಳಿಗೊಂದು, ನಮ್ಮ ಸಂಸದರಿಗೊಂದು, ಹಣಕಾಸು ಸಚಿವಾಲಯಕ್ಕೆ ನೇರವಾಗಿ ಒಂದು ಪೋಸ್ಟ್ ಹಾಕೋಣ.