ನಾಸ್ತಿಕನ ಮಾತಿಗೆ ಬೆಲೆಯುಂಟೆ? ಸಹಿಷ್ಣುತೆಯ ಚಿಂತನೆ ನಡೆದುಬಂದ ದಾರಿ

ಸಹಿಷ್ಣುತೆಯನ್ನು ಕುರಿತ ಆಧುನಿಕ ಚಿಂತನೆ ಹುಟ್ಟಿದ್ದು ಆಸ್ತಿಕರಿಗೂ ನಾಸ್ತಿಕರಿಗೂ ನಡೆದ ಜಗಳದಿಂದಲ್ಲ, ಕ್ರೈಸ್ತರು ತಮ್ಮೊಳಗೇ ಕಾದಾಡಿದ್ದರಿಂದ. ಫ್ರಾನ್ಸಿನ ಪ್ರಾಟೆಸ್ಟಂಟರಿಗೆ 1598ರ ನಾಂಟ್ ಶಾಸನ ಕೊಟ್ಟಿದ್ದ ರಕ್ಷಣೆಯನ್ನು ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದು ಮಾಡಿದ. ಅದೇ ವರ್ಷ, ಇಂಗ್ಲೆಂಡ್ ಬಿಟ್ಟು ಬಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಆಶ್ರಯ ಪಡೆದಿದ್ದ ಜಾನ್ ಲಾಕ್ ಸಹಿಷ್ಣುತೆಯ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ದೀರ್ಘ ಪತ್ರ ಬರೆದ. ಅದು ಅಚ್ಚಾದದ್ದು 1689ರಲ್ಲಿ. ಪ್ರಭುತ್ವಕ್ಕೆ ಪ್ರಜೆಗಳ ಆತ್ಮದ ಮೇಲೆ ಅಧಿಕಾರವಿಲ್ಲ, ಕತ್ತಿ ತೋರಿಸಿ ಹುಟ್ಟಿಸಿದ ಶ್ರದ್ಧೆ ಶ್ರದ್ಧೆಯೇ ಅಲ್ಲ ಎಂಬುದು ಅದರ ವಾದ. ಆದರೆ ಅದೇ ಪತ್ರ ನಾಸ್ತಿಕನನ್ನು ಹೊಸಿಲಿನಾಚೆಯೇ ನಿಲ್ಲಿಸುತ್ತದೆ. ಸಮಾಜ ನಿಂತಿರುವುದು ಕೊಟ್ಟ ಮಾತು, ಕರಾರು, ಆಣೆಗಳ ಮೇಲೆ. ದೇವರ ಭಯವಿಲ್ಲದವನನ್ನು ಅವನ ಮಾತಿಗೆ ಕಟ್ಟಿಹಾಕುವುದು ಯಾವುದು ಎಂಬುದು ಲಾಕ್‌ನ ಆತಂಕ. ನಾಸ್ತಿಕನ ಅಭಿಪ್ರಾಯಕ್ಕಿಂತ ಅವನ ಮಾತಿನ ಖಾತರಿಯೇ ಲಾಕ್‌ಗೆ ದೊಡ್ಡ ತೊಡಕಾಗಿತ್ತು. ಮುಂದಿನ ಮೂರು ಶತಮಾನಗಳ ಚರ್ಚೆಯಲ್ಲಿ ಈ ಅನುಮಾನ ಬೇರೆ ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಇದಕ್ಕೆ ಉತ್ತರ ಲಾಕ್‌ಗಿಂತ ಮೊದಲೇ ಬಂದಿತ್ತು ಎಂಬುದು ವಿಚಿತ್ರ. ಫ್ರಾನ್ಸಿನಿಂದ ಓಡಿಬಂದು ರಾಟರ್‌ಡ್ಯಾಮಿನಲ್ಲಿ ಮೇಷ್ಟರಾಗಿದ್ದ ಪಿಯರ್ ಬೇಲ್, 1680ರಲ್ಲಿ ಕಾಣಿಸಿಕೊಂಡ ಧೂಮಕೇತುವನ್ನು ನೆಪ ಮಾಡಿಕೊಂಡು 1682ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಜನ ನಡೆದುಕೊಳ್ಳುವುದು ತಾವು ನಂಬಿದ ತತ್ತ್ವದಂತಲ್ಲ, ತಮ್ಮ ಸ್ವಭಾವ, ರೂಢಿ, ಮಾನಾಪಮಾನದ ಅಂಜಿಕೆಗಳಂತೆ. ಹಾಗಾಗಿ ನಾಸ್ತಿಕರೇ ತುಂಬಿದ ಸಮಾಜವೂ ಸುಸೂತ್ರವಾಗಿ ನಡೆದೀತು ಎಂದು ಅವನು ಅದರಲ್ಲಿ ವಾದಿಸಿದ. ಅವನ ಅಣ್ಣ 1685ರಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿ ತೀರಿಕೊಂಡ. ಮರುವರ್ಷ ಬಂದ ಬೇಲ್‌ನ ಮುಂದಿನ ಗ್ರಂಥ, ತಪ್ಪು ದಾರಿ ಹಿಡಿದ ಅಂತಃಸಾಕ್ಷಿಗೂ ಬಲಾತ್ಕಾರದಿಂದ ರಕ್ಷಣೆ ಬೇಕು ಎನ್ನುವವರೆಗೆ ಹೋಯಿತು. ಸಹಿಷ್ಣುತೆಯ ಪಿತಾಮಹನೆಂಬ ಪಟ್ಟ ಲಾಕ್‌ಗೆ ಸಿಕ್ಕಿದೆಯಾದರೂ ಇಲ್ಲಿನ ಪ್ರಶ್ನೆಗೆ ಹೆಚ್ಚು ಹತ್ತಿರದವನು ಬೇಲ್. ಟುಲೂಸಿನಲ್ಲಿ 1762ರಲ್ಲಿ ಜಾನ್ ಕಾಲಾಸ್ ಎಂಬ ಪ್ರಾಟೆಸ್ಟಂಟ್ ವ್ಯಾಪಾರಿಯನ್ನು ಅನ್ಯಾಯವಾಗಿ ಮರಣದಂಡನೆಗೆ ಗುರಿಪಡಿಸಿದಾಗ ವೋಲ್ಟೇರ್ ಬರೆದ ಗ್ರಂಥ ಹೆಚ್ಚು ಜನಪ್ರಿಯವಾಯಿತು, ಆದರೆ ವಿಚಾರದಲ್ಲಿ ಬೇಲ್‌ನನ್ನು ಮೀರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಚರ್ಚೆ ಪುಸ್ತಕದಿಂದ ಕಟಕಟೆಗೆ ಬಂತು. ದೇವರ ಮೇಲೆ ಆಣೆ ಇಡಲಾಗದವನ ಸಾಕ್ಷ್ಯವನ್ನು ಇಂಗ್ಲೆಂಡಿನ ನ್ಯಾಯಾಲಯಗಳು ಒಪ್ಪುತ್ತಿರಲಿಲ್ಲ. 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಈ ನಿಯಮದ ಹುಳುಕನ್ನು ಬಯಲಿಗೆಳೆದ: ಸುಳ್ಳು ಹೇಳಲು ಹೇಸದ ನಾಸ್ತಿಕ ಆಣೆ ಇಟ್ಟು ಒಳಗೆ ಬರುತ್ತಾನೆ, ನಿಜ ಹೇಳುವವನು ಮಾತ್ರ ಹೊರಗುಳಿಯುತ್ತಾನೆ. 1880ರಲ್ಲಿ ನಾರ್ಥಾಂಪ್ಟನ್ನಿನಿಂದ ಸಂಸತ್ತಿಗೆ ಆರಿಸಿಬಂದ ಪ್ರಸಿದ್ಧ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ, ಆಣೆಯ ಬದಲು ಬರಿಯ ದೃಢೀಕರಣಕ್ಕೆ ಅವಕಾಶ ಕೇಳಿದ. ಸಿಗಲಿಲ್ಲ. ಹಾಗಾದರೆ ಆಣೆಯನ್ನೇ ಇಡುತ್ತೇನೆಂದ. ನಿನ್ನ ಆಣೆಗೆ ಅರ್ಥವಿಲ್ಲವೆಂದು ಸದನ ಅದನ್ನೂ ತಳ್ಳಿಹಾಕಿತು. ಒಂದು ರಾತ್ರಿ ಸಂಸತ್ತಿನ ಗಡಿಯಾರದ ಗೋಪುರದಲ್ಲಿ ಸೆರೆಯಲ್ಲಿದ್ದು, ಉಪಚುನಾವಣೆಗಳಲ್ಲಿ ಮತ್ತೆ ಮತ್ತೆ ಗೆದ್ದು, ಕೊನೆಗೆ 1886ರಲ್ಲಿ ಅವನು ತನ್ನ ಜಾಗದಲ್ಲಿ ಕೂತ. ಅವನ ಪ್ರಯತ್ನದಿಂದಲೇ ಬಂದ 1888ರ ಕಾಯ್ದೆ ದೃಢೀಕರಣವನ್ನು ಎಲ್ಲರ ಹಕ್ಕಾಗಿಸಿತು. ಅಮೆರಿಕದಲ್ಲಿ ಸಾರ್ವಜನಿಕ ಹುದ್ದೆಗೆ ದೈವನಂಬಿಕೆಯ ಷರತ್ತು ಹಾಕಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1961ರಷ್ಟು ತಡವಾಗಿ. ಯಾರ ಮನಸ್ಸೂ ಬದಲಾಗದೆ, ಪ್ರಮಾಣದ ಪಠ್ಯಕ್ಕೆ ಒಂದು ಪರ್ಯಾಯ ಸೇರಿದ್ದರಿಂದಲೇ ಇಷ್ಟು ಸಾಧ್ಯವಾಯಿತು ಎಂಬುದನ್ನು ದಾರ್ಶನಿಕರು ಸಾಕಷ್ಟು ಗಮನಿಸಿಲ್ಲ.

ಪರಿಕಲ್ಪನೆಯನ್ನೇ ಬಿಡಿಸಿ ನೋಡುವ ಕೆಲಸ ನಡೆದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸಹಿಷ್ಣುತೆಗೆ ಮೊದಲು ಆಕ್ಷೇಪ ಬೇಕು, ಆಮೇಲೆ ಆ ಆಕ್ಷೇಪವನ್ನು ಮೀರಿಸುವ ಒಪ್ಪಿಗೆಗೆ ಕಾರಣ ಬೇಕು ಎಂದು ಪ್ರೆಸ್ಟನ್ ಕಿಂಗ್ 1976ರಲ್ಲಿ ವಿಶ್ಲೇಷಿಸಿದರು. ಎದುರಿನವರದು ತಪ್ಪೆಂದು ಅನ್ನಿಸದವನು ಉದಾಸೀನನೇ ಹೊರತು ಸಹಿಷ್ಣುವಲ್ಲ. ತೀರಾ ಸಹಿಸಲಾಗದ್ದನ್ನೇ ಸಹಿಸಬೇಕೆನ್ನುವ ಈ ಗುಣ ಅಸಾಧ್ಯವಾದದ್ದೇನೋ ಎಂದು ಬರ್ನಾರ್ಡ್ ವಿಲಿಯಮ್ಸ್ 1996ರ ಪ್ರಬಂಧದಲ್ಲಿ ಶಂಕಿಸಿದರು. ಜರ್ಮನಿಯ ರೈನರ್ ಫೋರ್ಸ್ಟ್ 2003ರ ತಮ್ಮ ಬೃಹತ್ ಗ್ರಂಥದಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು: ಬಲಿಷ್ಠರು ದುರ್ಬಲರಿಗೆ ದಯಪಾಲಿಸುವ ಅನುಮತಿ, ಸಮಬಲರ ನಡುವಿನ ಸಹಬಾಳ್ವೆ, ಸಮಾನ ನಾಗರಿಕರೆಂಬ ಗೌರವ, ಎದುರಿನವರ ಬದುಕಿನ ರೀತಿಯನ್ನೇ ಮೆಚ್ಚುವ ಆದರ. ನಾಸ್ತಿಕ ಪೂಜೆಯನ್ನು ಮೆಚ್ಚಬೇಕು, ಭಕ್ತ ನಿರೀಶ್ವರವಾದವನ್ನು ಮೆಚ್ಚಬೇಕು ಎಂದು ಕೇಳುವುದು ಅತಿಯಾಯಿತು. ಮೂರನೆಯದಾದ ಗೌರವವನ್ನು ಕೇಳುವುದು ಅತಿಯಲ್ಲ.

ಆ ಗೌರವದ ಹೊರೆ ಯಾರ ಹೆಗಲ ಮೇಲೆ ಎಂಬುದೇ ಮುಂದಿನ ವಾದ. ಕಾನೂನಿನ ಮೂಲ ಪ್ರಶ್ನೆಗಳಲ್ಲಿ ಎಲ್ಲರೂ ಒಪ್ಪಬಹುದಾದ ಕಾರಣಗಳನ್ನೇ ಮುಂದಿಡಬೇಕೆಂದು ಜಾನ್ ರಾಲ್ಸ್ 1993ರಲ್ಲಿ ಹೇಳಿದ್ದರು. ಟೀಕೆಗಳು ಬಂದ ಮೇಲೆ 1997ರಲ್ಲಿ, ಧಾರ್ಮಿಕ ಕಾರಣಗಳನ್ನೂ ಹೇಳಬಹುದು, ಆದರೆ ಸಕಾಲದಲ್ಲಿ ಸಾರ್ವಜನಿಕ ಕಾರಣಗಳನ್ನೂ ಕೊಡಬೇಕು ಎಂದು ಸಡಿಲಿಸಿದರು. ದೇವರ ಆಜ್ಞೆಯಂತೆ ಇಡೀ ಬದುಕನ್ನು ನಡೆಸುವವನಿಗೆ ಪೌರನಾಗುವಾಗ ಮಾತ್ರ ಅದನ್ನು ಕಳಚಿಡು ಎನ್ನುವುದು ಯಾವ ನ್ಯಾಯ ಎಂದು ನಿಕೊಲಸ್ ವೋಲ್ಟರ್‌ಸ್ಟಾರ್ಫ್ ಕೇಳಿದರು. ಯುರ್ಗೆನ್ ಹೇಬರ್‌ಮಾಸ್ ಎರಡೂ ಕಡೆಗೆ ಕೆಲಸ ಹಂಚಿದರು. ಸಂಸತ್ತು, ನ್ಯಾಯಾಲಯಗಳ ಭಾಷೆ ಎಲ್ಲರದ್ದಾಗಿರಬೇಕು. ಹೊರಗಿನ ಚರ್ಚೆಯಲ್ಲಿ ಭಕ್ತ ತನ್ನ ಮಾತಿನಲ್ಲೇ ಮಾತಾಡಲಿ, ಅದರಲ್ಲಿ ಹುರುಳಿರಬಹುದೆಂಬ ಎಚ್ಚರದಿಂದ ಸೆಕ್ಯುಲರ್ ಪೌರ ಕಿವಿಗೊಡಲಿ. 2004ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಅವರು, ಮರುವರ್ಷ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ ಜೊತೆ ಕೂತು ಸಂವಾದ ನಡೆಸಿದ್ದು ಈ ನಿಲುವಿಗೆ ಒಪ್ಪುವಂತೆಯೇ ಇತ್ತು. ಅಂತಃಸಾಕ್ಷಿಗೆ ಕೊಡುವ ವಿನಾಯಿತಿಯಲ್ಲಿ ಧರ್ಮಕ್ಕೆ ಮಾತ್ರ ಏಕೆ ಹೆಚ್ಚುಗಾರಿಕೆ ಎಂಬ ಬ್ರಯನ್ ಲೈಟರ್ ಅವರ ಪ್ರಶ್ನೆಗೆ ಇನ್ನೂ ಸರ್ವಸಮ್ಮತ ಉತ್ತರವಿಲ್ಲ.

ಅಷ್ಟರಲ್ಲಿ ಸಮಾಜವಿಜ್ಞಾನಿಗಳು ತಮ್ಮದೇ ದಾರಿಯಲ್ಲಿ ಅಳೆಯತೊಡಗಿದ್ದರು. 1954ರಲ್ಲಿ ಸ್ಯಾಮ್ಯುಯೆಲ್ ಸ್ಟೌಫರ್ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಧರ್ಮವಿರೋಧಿ ಭಾಷಣಕ್ಕೆ ಊರಿನಲ್ಲಿ ಅವಕಾಶ ಕೊಡಬಹುದೆಂದವರು ಶೇ. 37ರಷ್ಟು ಮಾತ್ರ. ನಂತರದ ದಶಕಗಳಲ್ಲಿ ಈ ಸಂಖ್ಯೆ ಏರಿದಾಗ ಸಹಿಷ್ಣುತೆ ಬೆಳೆಯಿತೆಂದು ಹಲವರು ಬೀಗಿದರು. ಜಾನ್ ಸಲಿವನ್ ಮತ್ತು ಸಂಗಡಿಗರು 1979ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ನಿಮಗೆ ಕಂಡರಾಗದ ಗುಂಪು ಯಾವುದೆಂದು ಮೊದಲು ಕೇಳಿ, ಆಮೇಲೆ ಆ ಗುಂಪಿನ ಹಕ್ಕುಗಳ ಬಗ್ಗೆ ಕೇಳಿದರು. ಏರಿಕೆಯ ಬಹುಭಾಗ ಕರಗಿತು. ನಾಸ್ತಿಕರ ಬಗ್ಗೆ ಇದ್ದ ಅಸಮಾಧಾನ ಕಡಿಮೆಯಾಗಿತ್ತಷ್ಟೆ.

ಲಾಕ್‌ನ ಅನುಮಾನ ಪ್ರಯೋಗಾಲಯದಲ್ಲೂ ಸಿಕ್ಕಿತು. ವಿಲ್ ಜರ್ವೈಸ್ ಮತ್ತು ಸಂಗಡಿಗರು 2011ರಲ್ಲಿ, ನಾಸ್ತಿಕರ ಬಗೆಗಿನ ಪೂರ್ವಗ್ರಹದ ತಿರುಳು ದ್ವೇಷವಲ್ಲ, ಅಪನಂಬಿಕೆ ಎಂದು ತೋರಿಸಿದರು. 2017ರಲ್ಲಿ ಭಾರತ, ಚೀನಾ, ನೆದರ್ಲೆಂಡ್ಸ್ ಸೇರಿದಂತೆ 13 ದೇಶಗಳ 3,000ಕ್ಕೂ ಹೆಚ್ಚು ಜನರ ಮುಂದೆ ಒಬ್ಬ ಕೊಲೆಗಡುಕನ ಕಥೆ ಇಡಲಾಯಿತು. ಅವನು ಬರೀ ಶಿಕ್ಷಕನೋ, ದೇವರನ್ನು ನಂಬದ ಶಿಕ್ಷಕನೋ ಎಂದು ಕೆಲವರನ್ನು ಕೇಳಿದರು. ಉಳಿದವರಿಗೆ ಕೊಟ್ಟ ಎರಡನೆಯ ಆಯ್ಕೆ ಆಸ್ತಿಕ ಶಿಕ್ಷಕ. ತರ್ಕದಂತೆ ಬರೀ ಶಿಕ್ಷಕನಾಗಿರುವ ಸಾಧ್ಯತೆಯೇ ಹೆಚ್ಚು. ಆದರೂ ‘ನಂಬದ ಶಿಕ್ಷಕ’ ಎಂದು ಎಡವಿದವರು ‘ಆಸ್ತಿಕ ಶಿಕ್ಷಕ’ ಎಂದು ಎಡವಿದವರ ಸುಮಾರು ಎರಡರಷ್ಟು. ನಾಸ್ತಿಕರು ಕೂಡ ಹಾಗೆಯೇ ಎಡವಿದ್ದರು.

ಭಾರತದಲ್ಲಿ ಚರ್ಚೆ ಇನ್ನೊಂದು ದಿಕ್ಕಿನಿಂದ ಬಂತು. ಲಂಡನ್ನಿನಲ್ಲಿ ಓದುತ್ತಿದ್ದಾಗ 1891ರಲ್ಲಿ ಬ್ರಾಡ್ಲಾನ ಅಂತ್ಯಕ್ರಿಯೆಗೆ ಹೋಗಿದ್ದ ಗಾಂಧೀಜಿ, ದೇವರೇ ಸತ್ಯ ಎನ್ನುತ್ತಿದ್ದವರು ಕ್ರಮೇಣ ಸತ್ಯವೇ ದೇವರು ಎಂಬ ನಿಲುವಿಗೆ ಬಂದರು. ದೇವರನ್ನು ಒಪ್ಪದವನೂ ಸತ್ಯವನ್ನು ಅಲ್ಲಗಳೆಯಲಾರ ಎಂಬುದು ಅದಕ್ಕೆ ಅವರು ಕೊಟ್ಟ ಕಾರಣಗಳಲ್ಲೊಂದು. 1940ರ ದಶಕದಲ್ಲಿ ಆಂಧ್ರದ ನಾಸ್ತಿಕ ಗೋರಾ ಸೇವಾಗ್ರಾಮಕ್ಕೆ ಬಂದು ಅವರೊಡನೆ ವಾದ ಮಾಡಿದರು. ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ಗೋರಾ ಅವರ ಮಗಳ ಅಂತರ್ಜಾತಿ ವಿವಾಹವನ್ನು ಆಶ್ರಮದಲ್ಲೇ ನಡೆಸಿಕೊಡಲು, ವಿಧಿಯಲ್ಲಿ ದೇವರ ಹೆಸರಿನ ಜಾಗದಲ್ಲಿ ಸತ್ಯವನ್ನು ಇಡಲು ಗಾಂಧೀಜಿ ಒಪ್ಪಿದರು. ಅವರ ಹತ್ಯೆಯ ಬಳಿಕ, 1948ರ ಮಾರ್ಚ್‌ನಲ್ಲಿ ಆ ಮದುವೆ ಅಲ್ಲಿಯೇ ನಡೆಯಿತು.

1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಪ್ರಸ್ತಾವನೆಯನ್ನು ದೇವರ ಹೆಸರಿನಲ್ಲಿ ಆರಂಭಿಸಬೇಕೆಂದು ತಿದ್ದುಪಡಿ ತಂದರು. ಅದನ್ನು ವಿರೋಧಿಸಿದ ಪಟ್ಟಂ ತಾಣು ಪಿಳ್ಳೆ ಸ್ವತಃ ಆಸ್ತಿಕರು. ನಂಬಿಕೆಯ ವಿಷಯದಲ್ಲಿ ಇದು ಬಲವಂತವಾಗುತ್ತದೆ ಎಂಬುದು ಅವರ ಆಕ್ಷೇಪ. 41 ಮತಗಳ ವಿರುದ್ಧ 68 ಮತಗಳಿಂದ ತಿದ್ದುಪಡಿ ಬಿತ್ತು. ದೇವರ ಹೆಸರಿನ ಪ್ರಮಾಣ, ದೃಢೀಕರಣ ಎರಡಕ್ಕೂ ಮೂರನೆಯ ಅನುಸೂಚಿ ಜಾಗ ಕೊಟ್ಟಿತು. ಬ್ರಾಡ್ಲಾ ಎಂಟು ವರ್ಷ ಹೋರಾಡಿ ಪಡೆದದ್ದು ಇಲ್ಲಿ ಮೊದಲ ದಿನದಿಂದಲೇ ಇದೆ.

1980ರ ದಶಕದಲ್ಲಿ ಟಿ.ಎನ್. ಮದನ್ ಮತ್ತು ಆಶಿಶ್ ನಂದಿ, ಸೆಕ್ಯುಲರ್‌ವಾದ ಶ್ರದ್ಧಾವಂತರನ್ನು ಹಿಂದುಳಿದವರೆಂದು ಕಾಣುವುದರಿಂದ ಅದೇ ಅಸಹನೆಯನ್ನು ಬೆಳೆಸುತ್ತದೆ, ಸಹನೆಯ ಬೇರುಗಳನ್ನು ಧರ್ಮಗಳೊಳಗೇ ಹುಡುಕಬೇಕು ಎಂದು ವಾದಿಸಿದರು. ಧರ್ಮದ ಒಳಗಿನ ದಬ್ಬಾಳಿಕೆಗೆ ಈ ವಾದದಲ್ಲಿ ಮದ್ದಿಲ್ಲ. ಪ್ರಭುತ್ವ ಧರ್ಮದಿಂದ ಪೂರ್ತಿ ದೂರವಿರಬೇಕಿಲ್ಲ, ತತ್ತ್ವ ನೋಡಿ ಹತ್ತಿರ ಬರಬೇಕು, ದೂರ ನಿಲ್ಲಬೇಕು ಎಂಬ ರಾಜೀವ್ ಭಾರ್ಗವರ ಉತ್ತರ ಆ ಕೊರತೆಯನ್ನು ತುಂಬಲು ಹೊರಟದ್ದು.

ಕರ್ನಾಟಕದಲ್ಲಿ ಇದರ ಪರೀಕ್ಷೆ ಪವಾಡ ಮತ್ತು ಆಚರಣೆಗಳ ಸುತ್ತ ನಡೆದಿದೆ. ಖಾದಿ ತೊಟ್ಟ ಗಾಂಧಿವಾದಿ ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದಾಗ, ಪ್ರಶ್ನಿಸುವುದು ಅವಮಾನವೇ ಎಂಬ ವಾದ ಬಿಸಿಯೇರಿತು. ಮೌಢ್ಯನಿಷೇಧದ 2017ರ ಕಾಯ್ದೆ ಎಂಜಲೆಲೆಯ ಮೇಲೆ ಉರುಳುವುದಕ್ಕೆ ಪ್ರೋತ್ಸಾಹ ಕೊಡುವುದನ್ನು ಅಪರಾಧವೆಂದಿತು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳ ತಂಟೆಗೆ ಹೋಗಲಿಲ್ಲ. ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಅದು ಎತ್ತುವುದೇ ಇಲ್ಲ. ಮನುಷ್ಯರ ಘನತೆಗೆ ಕುಂದುಂಟೇ ಎಂದಷ್ಟೇ ಕೇಳುತ್ತದೆ, ಆ ಗೆರೆ ಎಲ್ಲಿ ಬೀಳಬೇಕೆಂಬ ತಕರಾರು ಮಾತ್ರ ಎರಡೂ ಕಡೆಯವರಲ್ಲಿ ಉಳಿದಿದೆ.