ಯುವ ವಿಜ್ಞಾನಿ ಕಾರ್ಯಕ್ರಮ (ಯುವಿಕಾ): ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ವಿದ್ಯಾರ್ಥಿಗಳಿಗೆ ಮಾಹಿತಿ

ಪೀಠಿಕೆ

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು (ಇಸ್ರೋ) ಶಾಲಾ ವಿದ್ಯಾರ್ಥಿಗಳಲ್ಲಿ ಬಾಹ್ಯಾಕಾಶ ವಿಜ್ಞಾನದ ಬಗ್ಗೆ ಆಸಕ್ತಿ ಮೂಡಿಸುವ ಉದ್ದೇಶದಿಂದ 2019ರಲ್ಲಿ ಯುವಿಕಾ ಕಾರ್ಯಕ್ರಮವನ್ನು ಆರಂಭಿಸಿತು. ಇದು ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರಗಳ ಕಾಲ ನಡೆಯುವ ಉಚಿತ ವಸತಿ ಶಿಬಿರವಾಗಿದೆ. ಕೋವಿಡ್ ಕಾರಣದಿಂದ 2020 ಮತ್ತು 2021ರಲ್ಲಿ ಶಿಬಿರಗಳು ನಡೆಯಲಿಲ್ಲ. ದೇಶದಾದ್ಯಂತ 2019ರಲ್ಲಿ 111, 2022ರಲ್ಲಿ 153 ಹಾಗೂ 2023ರಲ್ಲಿ 337 ವಿದ್ಯಾರ್ಥಿಗಳು ಇದರಲ್ಲಿ ಭಾಗವಹಿಸಿದ್ದರು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಮೊದಲಾದೆಡೆ ಶಿಬಿರಗಳು ನಡೆದಿವೆ. ವಿಜ್ಞಾನಿಗಳ ಉಪನ್ಯಾಸ, ಪ್ರಯೋಗಾಲಯ ಭೇಟಿ ಹಾಗೂ ಪ್ರಾಯೋಗಿಕ ತರಬೇತಿ ಶಿಬಿರದ ಮುಖ್ಯ ಅಂಗಗಳಾಗಿವೆ.

ಅರ್ಹತೆ

ಆಯಾ ವರ್ಷದ ಜನವರಿ 1ರಂದು 9ನೇ ತರಗತಿಯಲ್ಲಿ ವ್ಯಾಸಂಗ ಮಾಡುತ್ತಿರುವವರು ಮಾತ್ರ ಅರ್ಹರು. ಅಂದರೆ ವಿದ್ಯಾರ್ಥಿಗೆ ಸಾಮಾನ್ಯವಾಗಿ ಒಂದೇ ಬಾರಿ ಅವಕಾಶ ದೊರೆಯುತ್ತದೆ. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ನೋಡಿದರಾಯಿತು ಎಂದು ಕಾಯ್ದವರಿಗೆ ಈ ಅವಕಾಶ ಇರುವುದಿಲ್ಲ. ಆದುದರಿಂದ 7 ಮತ್ತು 8ನೇ ತರಗತಿಯ ಮಕ್ಕಳ ಪೋಷಕರೂ ಈ ಮಾಹಿತಿಯನ್ನು ಗಮನಿಸುವುದು ಅಗತ್ಯ.

ಆಯ್ಕೆಯ ಮಾನದಂಡ

ಇತ್ತೀಚಿನ ಪ್ರಕಟಣೆಗಳಲ್ಲಿ ಅಂಕಗಳ ಹಂಚಿಕೆ ಈ ಕೆಳಗಿನಂತಿದೆ.

1. 8ನೇ ತರಗತಿಯ ಪರೀಕ್ಷೆಯಲ್ಲಿ ಪಡೆದ ಅಂಕಗಳು: ಶೇ. 50
2. ಆನ್‌ಲೈನ್ ರಸಪ್ರಶ್ನೆ: ಶೇ. 10
3. ಕಳೆದ 3 ವರ್ಷಗಳಲ್ಲಿ ವಿಜ್ಞಾನ ಮೇಳದಲ್ಲಿ ಭಾಗವಹಿಸಿರುವುದು (ಶಾಲೆ, ಜಿಲ್ಲೆ, ರಾಜ್ಯ ಮಟ್ಟಕ್ಕೆ ಅನುಗುಣವಾಗಿ): ಗರಿಷ್ಠ ಶೇ. 10
4. ಒಲಿಂಪಿಯಾಡ್ ಅಥವಾ ವಿಜ್ಞಾನ ಸ್ಪರ್ಧೆಗಳಲ್ಲಿ ಬಹುಮಾನ: ಗರಿಷ್ಠ ಶೇ. 5
5. ಕ್ರೀಡಾ ಸ್ಪರ್ಧೆಗಳಲ್ಲಿ ಬಹುಮಾನ: ಗರಿಷ್ಠ ಶೇ. 5
6. ಸ್ಕೌಟ್ಸ್ ಮತ್ತು ಗೈಡ್ಸ್, ಎನ್.ಸಿ.ಸಿ. ಅಥವಾ ಎನ್.ಎಸ್.ಎಸ್. ಸದಸ್ಯತ್ವ: ಶೇ. 5
7. ಪಂಚಾಯಿತಿ ವ್ಯಾಪ್ತಿಯ ಗ್ರಾಮೀಣ ಶಾಲೆಯಲ್ಲಿ ವ್ಯಾಸಂಗ: ಶೇ. 15

ಗ್ರಾಮೀಣ ಶಾಲೆಯ ಅಂಕಗಳ ಬಗ್ಗೆ ವಿಶೇಷ ಗಮನ

ಮೇಲಿನ ಪಟ್ಟಿಯ 7ನೇ ಅಂಶವು ಈ ಭಾಗದ ವಿದ್ಯಾರ್ಥಿಗಳಿಗೆ ಅತ್ಯಂತ ಮುಖ್ಯವಾದುದು. ಉದಾಹರಣೆಗೆ, 8ನೇ ತರಗತಿಯಲ್ಲಿ ಶೇ. 90 ಅಂಕ ಪಡೆದ ಪಟ್ಟಣದ ಶಾಲೆಯ ವಿದ್ಯಾರ್ಥಿಗೆ ಮೊದಲನೆಯ ಅಂಶದಲ್ಲಿ 45 ದೊರೆಯುತ್ತದೆ. ಶೇ. 80 ಪಡೆದ ಗ್ರಾಮೀಣ ಶಾಲೆಯ ವಿದ್ಯಾರ್ಥಿಗೆ 40 ದೊರೆತು, ಅದಕ್ಕೆ 15 ಸೇರಿ 55 ಆಗುತ್ತದೆ. ಇತರೆ ಅಂಶಗಳು ಸಮನಾಗಿದ್ದಲ್ಲಿ ಗ್ರಾಮೀಣ ಶಾಲೆಯ ವಿದ್ಯಾರ್ಥಿಯೇ ಮುಂದಿರುತ್ತಾನೆ.

ಇಲ್ಲಿ ಪರಿಗಣಿಸಲಾಗುವುದು ಶಾಲೆ ಇರುವ ಸ್ಥಳವೇ ಹೊರತು ವಿದ್ಯಾರ್ಥಿಯ ಮನೆ ಇರುವ ಸ್ಥಳವಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪಟ್ಟಣಗಳು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿವೆ. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದು ಈ ಪಟ್ಟಣಗಳ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಈ ಅಂಕಗಳು ಅನ್ವಯಿಸುವುದಿಲ್ಲ. ಚಿತ್ತಾಪುರ ತಾಲ್ಲೂಕಿನ ನಾಲವಾರ, ಚಿಂಚೋಳಿ ತಾಲ್ಲೂಕಿನ ಸುಲೇಪೇಟದಂತಹ ಊರುಗಳಲ್ಲಿಯೇ ಓದುವವರಿಗೆ ಅನ್ವಯಿಸುತ್ತವೆ. ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ 371(ಜೆ) ಪ್ರಮಾಣಪತ್ರಕ್ಕೆ ಈ ಮಾನದಂಡದಲ್ಲಿ ಪ್ರತ್ಯೇಕ ಅಂಕಗಳಿಲ್ಲ. ಆದುದರಿಂದ ಅದಕ್ಕಾಗಿ ಕಚೇರಿಗೆ ಅಲೆಯುವ ಅಗತ್ಯವಿಲ್ಲ.

ಅರ್ಜಿ ಸಲ್ಲಿಸುವ ವಿಧಾನ

1. ಇಸ್ರೋದ ಅಂತರಿಕ್ಷ ಜಿಜ್ಞಾಸಾ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಇ-ಮೇಲ್ ವಿಳಾಸವನ್ನು ದೃಢಪಡಿಸತಕ್ಕದ್ದು.
2. ಸೂಚನೆಗಳನ್ನು ಓದಿಕೊಂಡು ವಿದ್ಯಾರ್ಥಿಯು ಸ್ವತಃ ಆನ್‌ಲೈನ್ ರಸಪ್ರಶ್ನೆಯಲ್ಲಿ ಭಾಗವಹಿಸತಕ್ಕದ್ದು.
3. ನಂತರ ವೈಯಕ್ತಿಕ ಹಾಗೂ ಶೈಕ್ಷಣಿಕ ವಿವರಗಳನ್ನು ಭರ್ತಿ ಮಾಡತಕ್ಕದ್ದು.
4. ದೃಢೀಕರಣ ಪತ್ರವನ್ನು ಮುದ್ರಿಸಿಕೊಂಡು, ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು ಪಡೆದು, ಇತರೆ ದಾಖಲೆಗಳೊಂದಿಗೆ ಕೊನೆಯ ದಿನಾಂಕದೊಳಗೆ ಅಪ್‌ಲೋಡ್ ಮಾಡತಕ್ಕದ್ದು.

ರಸಪ್ರಶ್ನೆ ಮುಗಿದೊಡನೆ ಅರ್ಜಿ ಪೂರ್ಣಗೊಂಡಿತೆಂದು ಭಾವಿಸಬಾರದು. 3 ಮತ್ತು 4ನೇ ಹಂತಗಳು ಉಳಿದಿದ್ದರೆ ಅರ್ಜಿ ಅಪೂರ್ಣವಾಗಿಯೇ ಇರುತ್ತದೆ. 2025ರಲ್ಲಿ ನೋಂದಣಿಯು ಫೆಬ್ರವರಿ 24ರಿಂದ ಮಾರ್ಚ್ 23ರವರೆಗೆ ನಡೆಯಿತು. ಇದು ವಾರ್ಷಿಕ ಪರೀಕ್ಷೆಗಳ ಸಮಯವಾದುದರಿಂದ ದಾಖಲೆಗಳನ್ನು ಜನವರಿಯಲ್ಲಿಯೇ ಸಿದ್ಧಪಡಿಸಿಕೊಳ್ಳುವುದು ಸೂಕ್ತ.

ಸಿದ್ಧವಾಗಿರಿಸಿಕೊಳ್ಳಬೇಕಾದ ದಾಖಲೆಗಳು

1. 8ನೇ ತರಗತಿಯ ಅಂಕಪಟ್ಟಿ. ಶ್ರೇಣಿ ಮಾತ್ರ ನಮೂದಾಗಿದ್ದಲ್ಲಿ ಅಂಕಗಳ ವಿವರವನ್ನು ಶಾಲೆಯಿಂದ ಪಡೆಯುವುದು.
2. ವಿಜ್ಞಾನ ಮೇಳ, ಸ್ಪರ್ಧೆ ಹಾಗೂ ಕ್ರೀಡೆಯ ಪ್ರಮಾಣಪತ್ರಗಳು.
3. ಸ್ಕೌಟ್ಸ್, ಗೈಡ್ಸ್ ಅಥವಾ ಎನ್.ಸಿ.ಸಿ. ಸದಸ್ಯತ್ವದ ದಾಖಲೆ.
4. ಮುಖ್ಯೋಪಾಧ್ಯಾಯರ ದೃಢೀಕರಣ ಪತ್ರ. ಇದರಲ್ಲಿ ಶಾಲೆಯು ಪಂಚಾಯಿತಿ ವ್ಯಾಪ್ತಿಯಲ್ಲಿರುವ ಬಗ್ಗೆ ಸರಿಯಾಗಿ ನಮೂದಾಗಿದೆಯೇ ಎಂದು ಪರಿಶೀಲಿಸುವುದು.

ತಪ್ಪು ಮಾಹಿತಿ ನೀಡಿರುವುದು ಕಂಡುಬಂದಲ್ಲಿ ಆಯ್ಕೆಯು ರದ್ದಾಗುತ್ತದೆ.

ವೆಚ್ಚ ಹಾಗೂ ಪ್ರಯಾಣ

ವಸತಿ, ಊಟ ಹಾಗೂ ಕಲಿಕಾ ಸಾಮಗ್ರಿಯ ವೆಚ್ಚವನ್ನು ಇಸ್ರೋ ಭರಿಸುತ್ತದೆ. ವಿದ್ಯಾರ್ಥಿಗೂ, ಕರೆದುಕೊಂಡು ಹೋಗಿ ಬರುವ ಒಬ್ಬ ಪೋಷಕರಿಗೂ ಎರಡನೇ ದರ್ಜೆಯ ಹವಾನಿಯಂತ್ರಿತ ರೈಲು ದರದ ಮಿತಿಯಲ್ಲಿ ಪ್ರಯಾಣ ವೆಚ್ಚ ನೀಡಲಾಗುತ್ತದೆ. ಇದಕ್ಕೆ ಮೂಲ ಟಿಕೆಟ್ ಹಾಜರುಪಡಿಸಬೇಕಾಗಿರುವುದರಿಂದ ಅದನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಚಿತ್ತಾಪುರ ಮತ್ತು ಸೇಡಂ ನಿಲ್ದಾಣಗಳು ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿವೆ. ಶಹಾಬಾದ್ ಮತ್ತು ವಾಡಿ ಮುಂಬೈ–ಚೆನ್ನೈ ಮಾರ್ಗದಲ್ಲಿವೆ. ರೈಲು ಸಂಪರ್ಕವಿಲ್ಲದ ಚಿಂಚೋಳಿಯವರಿಗೆ ತೆಲಂಗಾಣದ ತಾಂಡೂರು ನಿಲ್ದಾಣ ಸಮೀಪವಾಗುತ್ತದೆ.

ಪೂರ್ವಸಿದ್ಧತೆ

ವಿಜ್ಞಾನ ಮೇಳದ ಪ್ರಮಾಣಪತ್ರಗಳನ್ನು ಅರ್ಜಿಯ ವರ್ಷದಲ್ಲಿ ಒಮ್ಮೆಲೇ ಪಡೆಯಲಾಗದು. 6ನೇ ತರಗತಿಯಿಂದಲೇ ಶಾಲಾ ಮಟ್ಟದ ವಸ್ತುಪ್ರದರ್ಶನಗಳಲ್ಲಿ ಭಾಗವಹಿಸುವುದು ಉಪಯುಕ್ತ. ಕಲಬುರಗಿಯ ವಿಜ್ಞಾನ ಕೇಂದ್ರಕ್ಕೆ ಭೇಟಿ ನೀಡುವುದೂ ಸಹಾಯಕವಾಗುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ವಿಜ್ಞಾನದ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪಗಳನ್ನೂ ಅಭ್ಯಾಸ ಮಾಡಿಕೊಳ್ಳುವುದು ಒಳಿತು.

ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರಿಗೆ

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2008ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಯೋಜನೆಯಡಿ, 10ನೇ ತರಗತಿಯಲ್ಲಿ ಅತ್ಯುನ್ನತ ಅಂಕ ಪಡೆದು ಪದವಿಪೂರ್ವ ವಿಜ್ಞಾನ ವಿಭಾಗಕ್ಕೆ ಸೇರಿದವರಿಗಾಗಿ 5 ದಿನಗಳ ಶಿಬಿರಗಳು ವಿವಿಧ ಸಂಸ್ಥೆಗಳಲ್ಲಿ ನಡೆದಿವೆ. ಈ ಬಗ್ಗೆ ಕಾಲೇಜಿನ ಪ್ರಾಂಶುಪಾಲರಲ್ಲಿ ವಿಚಾರಿಸುವುದು.

ವಿ.ಸೂ.: ದಿನಾಂಕ ಹಾಗೂ ನಿಯಮಗಳು ಪ್ರತಿ ವರ್ಷ ಬದಲಾಗಬಹುದು. ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಇಸ್ರೋ ಪ್ರಕಟಣೆಯನ್ನು ಕಡ್ಡಾಯವಾಗಿ ಓದಿಕೊಳ್ಳಲು ಕೋರಲಾಗಿದೆ.