ಹಂಚಿಕೆಯ ಫೋಲ್ಡರ್‌ಗಳ ಲಾಗಿನ್ ಸಮಸ್ಯೆಗಳು

ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಮೊದಲಾದ ಭಿನ್ನ ಕಾರ್ಯಾಚರಣಾ ವ್ಯವಸ್ಥೆಗಳಿರುವ ಗಣಕಯಂತ್ರಗಳು ಒಂದೇ ಜಾಲದಲ್ಲಿದ್ದಾಗ, ಒಂದರಲ್ಲಿ ಹಂಚಿಕೊಂಡ ಫೋಲ್ಡರನ್ನು ಮತ್ತೊಂದರಿಂದ ತೆರೆಯಲು ಅನುಮತಿ ದೊರೆಯದಿರುವುದನ್ನು ಹಂಚಿಕೆಯ ಫೋಲ್ಡರ್‌ಗಳ ಲಾಗಿನ್ ಸಮಸ್ಯೆ ಎನ್ನಲಾಗುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶ ನಿರಾಕರಣೆಯಾಗುವುದು ಇದರ ಸಾಮಾನ್ಯ ಲಕ್ಷಣ.

== ಹಿನ್ನೆಲೆ ==
ಇಂತಹ ಹಂಚಿಕೆಗೆ ಹೆಚ್ಚಾಗಿ ಬಳಕೆಯಾಗುವ ನಿಯಮಾವಳಿ ಎಸ್‌ಎಂಬಿ. ಇದನ್ನು 1983ರ ಸುಮಾರಿಗೆ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದರು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಇದನ್ನು ಅಳವಡಿಸುವ ಸಾಂಬಾ ಎಂಬ ಮುಕ್ತ ತಂತ್ರಾಂಶದ ಕೆಲಸವನ್ನು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಆರಂಭಿಸಿದರು. ಎಸ್‌ಎಂಬಿಯ ಎರಡನೆಯ ಆವೃತ್ತಿ ವಿಂಡೋಸ್ ವಿಸ್ತಾದೊಂದಿಗೆ, ಮೂರನೆಯದು 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದವು.

== ಕಾರಣಗಳು ಮತ್ತು ಪರಿಹಾರ ==
* '''ಸಂಪರ್ಕ:''' ಎಸ್‌ಎಂಬಿ 445ನೆಯ ಪೋರ್ಟನ್ನು ಬಳಸುತ್ತದೆ. ಫೈರ್‌ವಾಲ್ ಅದನ್ನು ತಡೆದಿದ್ದರೆ ಲಾಗಿನ್ ಹಂತವೇ ಬರುವುದಿಲ್ಲ. ಆದ್ದರಿಂದ ಮೊದಲು ಇದನ್ನು ಪರೀಕ್ಷಿಸಬೇಕು.
* '''ಪ್ರತ್ಯೇಕ ಪಾಸ್‌ವರ್ಡ್:''' ಸಾಂಬಾ ಸಾಮಾನ್ಯವಾಗಿ ತನ್ನದೇ ಪಾಸ್‌ವರ್ಡ್ ಸಂಗ್ರಹವನ್ನು ಇಟ್ಟುಕೊಳ್ಳುತ್ತದೆ. ಲಿನಕ್ಸ್ ಖಾತೆ ಇದ್ದರೂ ಬಳಕೆದಾರರನ್ನು ಸಾಂಬಾಗೆ ಬೇರೆಯಾಗಿ ಸೇರಿಸಬೇಕು. ಮ್ಯಾಕ್‌ಓಎಸ್‌ನಲ್ಲಿಯೂ ವಿಂಡೋಸ್ ಹಂಚಿಕೆಗಾಗಿ ಆಯಾ ಖಾತೆಯನ್ನು ಗುರುತು ಹಾಕಿ ಆರಿಸಬೇಕಾಗುತ್ತದೆ.
* '''ಪಿನ್:''' ವಿಂಡೋಸ್‌ನ ಪಿನ್ ಆ ಯಂತ್ರಕ್ಕೆ ಮಾತ್ರ ಸೀಮಿತ. ಜಾಲದ ಮೂಲಕ ಪ್ರವೇಶಿಸಲು ಖಾತೆಯ ಪಾಸ್‌ವರ್ಡನ್ನೇ ನೀಡಬೇಕು. ಪಾಸ್‌ವರ್ಡ್ ಇಲ್ಲದ ಸ್ಥಳೀಯ ಖಾತೆಗೆ ವಿಂಡೋಸ್ ಪೂರ್ವನಿಯೋಜಿತವಾಗಿ ಜಾಲಪ್ರವೇಶ ಕೊಡುವುದಿಲ್ಲ.
* '''ಹಳೆಯ ವಿವರ:''' ವಿಂಡೋಸ್ ನೆನಪಿಟ್ಟುಕೊಂಡ ಹಿಂದಿನ ಹೆಸರು ಮತ್ತು ಪಾಸ್‌ವರ್ಡ್ ತಾವಾಗಿಯೇ ಬಳಕೆಯಾಗಬಹುದು. ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಅವನ್ನು ಅಳಿಸಬೇಕು. ಒಂದೇ ಸರ್ವರ್‌ಗೆ ಏಕಕಾಲದಲ್ಲಿ ಎರಡು ಹೆಸರುಗಳಿಂದ ಸಂಪರ್ಕಿಸಿದರೆ 1219 ಎಂಬ ದೋಷಸಂಖ್ಯೆ ಬರುತ್ತದೆ.
* '''ಕೀಲಿಮಣೆ:''' ಕನ್ನಡ ಕೀಲಿಮಣೆ ಸಕ್ರಿಯವಾಗಿರುವಾಗ ಇಂಗ್ಲಿಷ್ ಪಾಸ್‌ವರ್ಡ್ ಟೈಪಿಸಿದರೆ, ಅಕ್ಷರಗಳು ಮರೆಯಾಗಿರುವುದರಿಂದ ತಪ್ಪು ಗಮನಕ್ಕೆ ಬರದೆ ಹೋಗಬಹುದು.
* '''ಗಡಿಯಾರ:''' ಕರ್ಬೆರೋಸ್ ದೃಢೀಕರಣವಿರುವ ಕಚೇರಿ ಜಾಲಗಳಲ್ಲಿ ಯಂತ್ರಗಳ ಸಮಯದ ಅಂತರ ಸಾಮಾನ್ಯವಾಗಿ 5 ನಿಮಿಷ ಮೀರಬಾರದು.
* '''ಕಡತದ ಅನುಮತಿ:''' ಲಾಗಿನ್ ಯಶಸ್ವಿಯಾದ ಮೇಲೂ ಫೋಲ್ಡರ್ ತೆರೆಯದಿದ್ದರೆ ಹಂಚಿಕೆಯ ಅನುಮತಿ ಮತ್ತು ಕಡತ ವ್ಯವಸ್ಥೆಯ ಅನುಮತಿ ಎರಡನ್ನೂ ನೋಡಬೇಕು. ಇವುಗಳಲ್ಲಿ ಹೆಚ್ಚು ಬಿಗಿಯಾದುದೇ ಅನ್ವಯವಾಗುತ್ತದೆ.

== ಆವೃತ್ತಿಗಳ ಭೇದ ಮತ್ತು ಸುರಕ್ಷತೆ ==
ಹಳೆಯ ಮುದ್ರಕ, ಸ್ಕ್ಯಾನರ್ ಹಾಗೂ ಕಡತ ಸಂಗ್ರಹ ಸಾಧನಗಳಲ್ಲಿ ಕೆಲವು ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮಾತ್ರ ಬಲ್ಲವು. ಹೊಸ ಯಂತ್ರಗಳು ಅದನ್ನು ಒಪ್ಪದ ಕಾರಣ ಸಂಪರ್ಕ ವಿಫಲವಾಗುತ್ತದೆ. ಆಗ ಹೊಸ ಯಂತ್ರದಲ್ಲಿ ಮೊದಲ ಆವೃತ್ತಿಯನ್ನು ಮತ್ತೆ ಸಕ್ರಿಯಗೊಳಿಸುವುದು ಸುಲಭವೆನಿಸಿದರೂ ಅಪಾಯಕಾರಿ. 2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈ ಕುತಂತ್ರಾಂಶವು ವಿಂಡೋಸ್‌ನ ಈ ಆವೃತ್ತಿಯಲ್ಲಿದ್ದ ದೋಷವನ್ನೇ ಬಳಸಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ದೋಷಕ್ಕೆ ತಿದ್ದುಪಡಿ ಆ ವರ್ಷದ ಮಾರ್ಚ್‌ನಲ್ಲಿಯೇ ಬಂದಿತ್ತು. ಅದನ್ನು ಅಳವಡಿಸದ ಯಂತ್ರಗಳು ಬಲಿಯಾದವು. 2019ರಲ್ಲಿ ಸಾಂಬಾ 4.11 ಕೂಡ ಮೊದಲ ಆವೃತ್ತಿಯನ್ನು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳಿಸಿತು.

ಹಳೆಯ ಸಾಧನದ ತಂತ್ರಾಂಶವನ್ನು ನವೀಕರಿಸುವುದು ಇದಕ್ಕೆ ಸುರಕ್ಷಿತ ಪರಿಹಾರ. ಅದು ಸಾಧ್ಯವಾಗದಿದ್ದರೆ ಸಾಧನವನ್ನು ಉಳಿದ ಜಾಲದಿಂದ ಬೇರ್ಪಡಿಸಬೇಕು. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವೂ ಇದೇ ರೀತಿ ಅಸುರಕ್ಷಿತವಾಗಿದ್ದು, ಪ್ರತಿ ಬಳಕೆದಾರರಿಗೂ ಪ್ರತ್ಯೇಕ ಖಾತೆ ತೆರೆಯುವುದು ಉತ್ತಮ.